ದೋಷ ಹುಡುಕುವ ಪಾಠ

ಸಿದ್ದಾರ್ಥ್ ಬರುವ ಮುಂಚೆ ಆ ಕಾಲೇಜಿನ ಕೆಮಿಕಲ್ ಎಂಜಿನಿಯರಿಂಗ್ ಲ್ಯಾಬಿನಲ್ಲಿ ಯಾರೂ ಏನನ್ನೂ ಅಳೆಯುತ್ತಿರಲಿಲ್ಲ. ಹುಡುಗರು ಬರುತ್ತಿದ್ದರು, ಬಾಯ್ಲರಿನ ಸದ್ದು ಕೇಳುತ್ತಾ ಸ್ಟೂಲಿನ ಮೇಲೆ ಕೂರುತ್ತಿದ್ದರು, ಸೀನಿಯರುಗಳ ರೆಕಾರ್ಡಿನಿಂದ ರೀಡಿಂಗ್ ಇಳಿಸಿಕೊಂಡು ಕ್ಯಾಂಟೀನಿಗೆ ಹೋಗುತ್ತಿದ್ದರು. ಒಂದು ಥರ್ಮಾಮೀಟರ್ ಒಡೆದು ವರ್ಷವಾಗಿತ್ತು. ಎಲ್ಲರ ರೆಕಾರ್ಡಿನಲ್ಲಿ ಮಾತ್ರ ಅದರ ಉಷ್ಣಾಂಶ ತಪ್ಪದೆ ಬರುತ್ತಿತ್ತು.

ವರ್ತೂರಿನಿಂದಾಚೆ, ಅಪಾರ್ಟ್‌ಮೆಂಟುಗಳ ಸಾಲು ಮುಗಿಯುವ ಕಡೆ ಇದ್ದ ಕಾಲೇಜು ಅದು. ಸಿದ್ದಾರ್ಥ್ ದಾವಣಗೆರೆ ಕಡೆಯವನು. ಪಿಎಚ್‌ಡಿ ಮುಗಿಸಿ, ಪೀಣ್ಯದಲ್ಲಿ ಪೇಂಟಿಗೆ ಬೇಕಾದ ರೆಸಿನ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೆಲವು ವರ್ಷ ದುಡಿದು, ಪಾಠ ಮಾಡುವ ಆಸೆಯಿಂದ ಇಲ್ಲಿಗೆ ಬಂದಿದ್ದ. ಚೆನ್ನಾಗಿ ಮಾತನಾಡುತ್ತಿದ್ದ. ಮೊದಲ ದಿನವೇ ಹಳೆಯ ರೆಕಾರ್ಡುಗಳನ್ನೆಲ್ಲ ಬೀರುವಿನಿಂದ ತೆಗೆಸಿ ರದ್ದಿಗೆ ಹಾಕಿಸಿದ.

"ಪೀಣ್ಯದಲ್ಲಿ ಯಾವ ಮಿಷಿನ್ನೂ ನಿಮ್ಮ ಮ್ಯಾನ್ಯುಯಲ್ ಓದ್ಕೊಂಡು ಕೆಟ್ಟೋಗಲ್ಲ" ಎಂದ. "ಯಾಕೆ ಕೆಟ್ಟಿದೆ ಅಂತ ಹುಡುಕೋಕೆ ಬರದೇ ಇದ್ರೆ ನಿಮ್ಮ ಡಿಗ್ರಿ ಯಾರಿಗ್ರೀ ಬೇಕು?"

ಅವನು ತಂದ ಪದ್ಧತಿ ಸರಳವಾಗಿತ್ತು. ಪ್ರತಿ ವಾರ ಕ್ಲಾಸಿಗೆ ಮುಂಚೆ ಉಪಕರಣಗಳಲ್ಲಿ ತಾನೇ ಒಂದೊಂದು ದೋಷ ಇಟ್ಟಿರುತ್ತಿದ್ದ. ಎರಡು ವೈರು ಅದಲು ಬದಲಾಗಿರುತ್ತಿದ್ದವು, ಇಲ್ಲವೇ ಒಂದು ವಾಲ್ವು ಅರ್ಧ ಮುಚ್ಚಿರುತ್ತಿತ್ತು. ಹುಡುಗರು ಪ್ರಯೋಗ ಮಾಡುತ್ತಲೇ ಅದನ್ನು ಪತ್ತೆ ಹಚ್ಚಬೇಕು. ಮೊದಲು ಹಚ್ಚಿದ ತಂಡಕ್ಕೆ ಪೂರ್ತಿ ಅಂಕ. ಕೊನೆಗೆ ಉಳಿದ ತಂಡ ಎಲ್ಲರ ಮುಂದೆ ನಿಂತು, ತಮಗೇಕೆ ಕಾಣಲಿಲ್ಲವೆಂದು ವಿವರಿಸಬೇಕು. ಇನ್ನೊಂದು ನಿಯಮವೂ ಇತ್ತು.

"ಕಾರಣ ಗೊತ್ತಾಗೋ ಮುಂಚೆ ಮಿಷಿನ್ ಆಫ್ ಮಾಡಿದ್ರೆ ಅರ್ಧ ಮಾರ್ಕ್ಸ್ ಕಟ್. ಓಡ್ತಿರೋ ಪ್ಲಾಂಟ್ ನಿಲ್ಸೋದಕ್ಕೆ ಎಂಜಿನಿಯರ್ ಬೇಕಾಗಿಲ್ಲ, ವಾಚ್‌ಮನ್ ಸಾಕು."

ಲ್ಯಾಬಿನ ಮೂಲೆಯಲ್ಲಿ ಗಾಜಿನ ಕ್ಯಾಬಿನ್ ಇತ್ತು. ಅಲ್ಲಿ ಕೂತು ಯಾರು ಮೊದಲು ಏನು ಮುಟ್ಟಿದರು, ಯಾರು ಎಷ್ಟು ಹೊತ್ತು ತಡವರಿಸಿದರು ಎಂದೆಲ್ಲ ಟ್ಯಾಬಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಲ್ಯಾಬ್ ಪಾಠ ಸುಧಾರಿಸುವ ಬಗ್ಗೆ ಒಂದು ಪ್ರಬಂಧ ಬರೆಯುತ್ತಿದ್ದ. ವಿಭಾಗದ ಮುಖ್ಯಸ್ಥೆ ವನಜಾ ಮೇಡಂಗೆ ಇದರಿಂದ ಖುಷಿಯೋ ಖುಷಿ. ಮಾನ್ಯತೆ ಕೊಡುವ ಕಮಿಟಿ ಬರುವುದರಲ್ಲಿತ್ತು, ತೋರಿಸಲು ಅವರಿಗೆ ಹೊಸದೇನಾದರೂ ಬೇಕಾಗಿತ್ತು.

ಹುಡುಗರಿಗೂ ಇಷ್ಟವಾಯಿತು ಎಂಬುದು ನಿಜ. ಬಿಂದುಶ್ರೀಗೆ ಎಲ್ಲರಿಗಿಂತ ಹೆಚ್ಚು ಇಷ್ಟವಾಯಿತು.

ಅವಳು ವರ್ತೂರಿನವಳೇ. ಅಪ್ಪ ಚಿಕ್ಕಬೈರಪ್ಪ ಹಿಂದೆ ಸೊಪ್ಪು ಬೆಳೆಯುತ್ತಿದ್ದವನು, ಈಗ ಅದೇ ಜಾಗದಲ್ಲಿ ಮಹಡಿ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ. ಹತ್ತನೇ ಕ್ಲಾಸಿನವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದ ಹುಡುಗಿ, ಕ್ಲಾಸಿನಲ್ಲಿ ಬಾಯಿ ಬಿಡುತ್ತಿದ್ದುದು ಅಪರೂಪ. ಲ್ಯಾಬಿನಲ್ಲಿ ಬಾಯಿಗಿಂತ ಕೈಗೆ ಕೆಲಸ ಹೆಚ್ಚು, ಅದು ಅವಳಿಗೆ ಹಿಡಿಸಿತು. ಆದರೆ ಅವಳು ನಿಧಾನ. ಒಂದು ರೀಡಿಂಗಿನ ಮೇಲೆ ಅನುಮಾನ ಬಂದರೆ ಇನ್ನೊಮ್ಮೆ ತೆಗೆಯುತ್ತಿದ್ದಳು, ಮತ್ತೂ ಒಮ್ಮೆ ತೆಗೆಯುತ್ತಿದ್ದಳು. ಅಷ್ಟರಲ್ಲಿ ಅವಳ ಜೊತೆಗಾರ ಲೋಕೇಶ್ ಅವಳು ಗೊಣಗಿದ್ದನ್ನೇ ಕೈಯೆತ್ತಿ ಜೋರಾಗಿ ಹೇಳಿ ಶಭಾಷ್ ಅನ್ನಿಸಿಕೊಳ್ಳುತ್ತಿದ್ದ. ಅವಳಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಅಂಕ ಇಬ್ಬರಿಗೂ ಬರುತ್ತಿತ್ತು.

ಸೆಮಿಸ್ಟರಿನ ನಡುವೆ ಒಂದು ದಿನ ಯಾವ ತಂಡಕ್ಕೂ ದೋಷ ಸಿಗಲಿಲ್ಲ. ಗಂಟೆ ಕಳೆಯಿತು. ಸಿದ್ದಾರ್ಥ್ ಕ್ಯಾಬಿನ್ನಿನಿಂದ ಹೊರಗೆ ಬಂದು, ಕೈ ಕಟ್ಟಿಕೊಂಡು ಬಿಂದುಶ್ರೀಯ ಪಕ್ಕದಲ್ಲಿ ನಿಂತ. ಆ ದಿನ ಲೋಕೇಶ್ ಬಂದಿರಲಿಲ್ಲ.

"ಏನ್ ಕಾಣ್ತಿದೆ ಬಿಂದುಶ್ರೀ?"

"ಎಲ್ಲಾ ಸರಿ ಇರೋ ಹಾಗಿದೆ ಸಾರ್."

"ಸರಿ ಇರೋ ಹಾಗಿದೆಯೋ, ಸರಿ ಇದೆಯೋ? ಎಂಜಿನಿಯರ್ ಥರ ಮಾತಾಡಿ."

ಎಲ್ಲರೂ ಇವರ ಕಡೆ ತಿರುಗಿದರು. ಅವಳು ನೀರಿನ ಹರಿವು ಅಳೆಯುವ ಮೀಟರನ್ನು ಮತ್ತೆ ನೋಡಿದಳು. ಮುಳ್ಳು ಕೊಂಚ ಅಲುಗುತ್ತಿದ್ದ ಹಾಗನ್ನಿಸಿತು.

"ಈ ಫ್ಲೋ ಮೀಟರ್... ಸ್ವಲ್ಪ ಕಮ್ಮಿ ತೋರಿಸ್ತಿದೆ ಅನ್ಸುತ್ತೆ ಸಾರ್."

"ಓಹೋ. ಏನ್ ಮಾಡ್ತೀರಾ?"

"ಬಿಚ್ಚಿ ಕ್ಲೀನ್ ಮಾಡ್ತೀನಿ."

"ಮಾಡಿ."

ಅವಳು ನೀರು ನಿಲ್ಲಿಸಿ, ಮೀಟರ್ ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ಮತ್ತೆ ಕೂರಿಸಿದಳು. ಬಟ್ಟೆಯೆಲ್ಲ ಒದ್ದೆಯಾಯಿತು. ಸಿದ್ದಾರ್ಥ್ ತಾಳ್ಮೆಯಿಂದ ಕಾದು, "ಈಗ ಸರಿಯಾಯ್ತಾ?" ಎಂದು ಕೇಳಿದ. ಅವಳು "ಆಯ್ತು ಸಾರ್" ಎಂದಳು. ಆತ ಕ್ಲಾಸಿನ ಕಡೆ ತಿರುಗಿದ.

"ಇವತ್ತು ನಾನು ಯಾವ ಫಾಲ್ಟೂ ಇಟ್ಟಿಲ್ಲ. ಎಲ್ಲಾ ಸರಿಯಾಗೇ ಇತ್ತು. ಇಲ್ಲದ ಕಾಯಿಲೆಗೆ ಆಪರೇಷನ್ ಮಾಡಿ, ಪೇಷಂಟ್ ಹುಷಾರಾದ ಅಂತಾನೂ ಹೇಳಿದ ಡಾಕ್ಟ್ರಮ್ಮ ಇವರು. ಒಂದು ಚಪ್ಪಾಳೆ ಹೊಡೀರಪ್ಪಾ."

ಲ್ಯಾಬಿನಲ್ಲಿ ನಗು, ಚಪ್ಪಾಳೆ. ಯಾರೋ ಫೋನಿನಲ್ಲಿ ಅದರ ವಿಡಿಯೋ ಹಿಡಿದುಕೊಂಡಿದ್ದರು. ಅವಳು ಮನೆ ತಲುಪುವ ಮುಂಚೆ ಅದು ಕ್ಲಾಸಿನ ವಾಟ್ಸ್ಆ್ಯಪ್ ಗುಂಪಿಗೆ ಬಂತು. ಅಂದಿನಿಂದ ಅವಳ ಹೆಸರು ಡಾಕ್ಟ್ರಮ್ಮ. ಕ್ಯಾಂಟೀನಿನ ಸಾಲಿನಲ್ಲಿ ನಿಂತರೆ ಹಿಂದಿನಿಂದ ಯಾರಾದರೂ ಕೆಮ್ಮಿ, "ಡಾಕ್ಟ್ರಮ್ಮ, ಗಂಟ್ಲು ನೋಡ್ತೀರಾ?" ಅನ್ನುತ್ತಿದ್ದರು. ಸಿದ್ದಾರ್ಥನಿಗೂ ಅದು ಗೊತ್ತಿತ್ತು. ಹಾಜರಿ ಕರೆಯುವಾಗ ಒಮ್ಮೆ ಅವನೂ ಹಾಗೆಯೇ ಕರೆದ.

ಅವಳು ಅದರಿಂದ ಕಲಿತದ್ದು ಒಂದೇ ಪಾಠ. ಪೂರ್ತಿ ಖಾತ್ರಿಯಾಗುವ ತನಕ ಬಾಯಿ ಬಿಡಬಾರದು.

ಮಾನ್ಯತೆಯ ಕಮಿಟಿ ಬರುವ ಹಿಂದಿನ ವಾರ ಅವರ ತಂಡಕ್ಕೆ ಹೀಟ್ ಎಕ್ಸ್‌ಚೇಂಜರ್ ಬಂತು. ಒಂದು ಪೈಪಿನೊಳಗೆ ಇನ್ನೊಂದು ಪೈಪು. ಒಳಗಿನದರಲ್ಲಿ ತಣ್ಣೀರು, ಹೊರಗಿನದರಲ್ಲಿ ಹಬೆ. ಬಾಯ್ಲರಿನಿಂದ ಆ ಹಬೆಯನ್ನು ತರುವುದು ಒಂದು ಕಪ್ಪು ರಬ್ಬರ್ ಹೋಸು. ಪ್ರಯೋಗ ಶುರುವಾಗಿ ಹಬೆ ಏರಿದ ಮೇಲೆ, ಹೋಸು ಪೈಪಿಗೆ ಸೇರುವ ಕಡೆ, ಕ್ಲಿಪ್ಪಿನ ಪಕ್ಕದಲ್ಲಿ, ರಬ್ಬರ್ ಉಬ್ಬಿಕೊಂಡಿರುವುದನ್ನು ಬಿಂದುಶ್ರೀ ಕಂಡಳು. ನಿಂಬೆಹಣ್ಣಿನಷ್ಟಿತ್ತು. ಸಣ್ಣಗೆ ಸುಯ್ಗುಡುತ್ತಿತ್ತು.

"ಲೋಕೇಶ್, ಇಲ್ಲಿ ನೋಡು."

ಅವನು ಬಗ್ಗಿ ನೋಡಿ ಕಣ್ಣರಳಿಸಿದ. "ಸಿಕ್ತು ಕಣೇ! ಇದೇ ಇವತ್ತಿನ ಫಾಲ್ಟು. ಮೆಲ್ಲಗೆ ಮಾತಾಡು, ಪಕ್ಕದ ಟೀಮಿಗೆ ಕೇಳ್ಸುತ್ತೆ."

"ಸ್ಟೀಮ್ ಆಫ್ ಮಾಡೋಣ್ವಾ?"

"ಹುಚ್ಚಾ ನಿಂಗೆ? ಅರ್ಧ ಮಾರ್ಕ್ಸ್ ಹೋಗುತ್ತೆ. ಯಾಕೆ ಉಬ್ಬಿದೆ ಅಂತ ಮೊದ್ಲು ಹೇಳ್ಬೇಕು. ಕ್ಲಿಪ್ ಲೂಸಾ, ಪೈಪ್ ಒಳಗಡೆ ಬ್ಲಾಕಾ ನೋಡು. ನಿಂದೇ ಅಲ್ವಾ ಡಾಕ್ಟರ್ ಕೆಲ್ಸ."

ಅವಳು ತಲೆಯೆತ್ತಿ ಕ್ಯಾಬಿನ್ ಕಡೆ ನೋಡಿದಳು. ಗಾಜಿನ ಹಿಂದೆ ಸಿದ್ದಾರ್ಥ್ ಟ್ಯಾಬ್ ಹಿಡಿದು ಇತ್ತಲೇ ನೋಡುತ್ತಿದ್ದ. ಕಣ್ಣಿಗೆ ಕಣ್ಣು ಸೇರಿದಾಗ ಸಣ್ಣಗೆ ನಕ್ಕು, ಮುಂದುವರಿಸಿ ಎಂಬಂತೆ ತಲೆಯಾಡಿಸಿದ. ಅವಳಿಗೆ ಧೈರ್ಯ ಬಂತು. ಹಾಗಾದರೆ ಇದು ಸಾರ್ ಇಟ್ಟದ್ದೇ. ಸಾರ್ ಇಟ್ಟದ್ದು ಅಪಾಯದ್ದಾಗಿರಲು ಹೇಗೆ ಸಾಧ್ಯ? ಈ ಸಲ ತಪ್ಪು ಹೇಳಬಾರದೆಂದು ಅವಳು ಮುಖವನ್ನು ಹತ್ತಿರ ಒಯ್ದು, ಕ್ಲಿಪ್ಪಿನ ತಿರುಪಿಗೆ ಬೆರಳಿಟ್ಟಳು.

ಹೋಸು ಒಡೆಯಿತು.

ಅವಳ ಕೂಗು ಲೋಕೇಶನಿಗೆ ಮೊದಲು ಕೇಳಿಸಲಿಲ್ಲ, ಹಬೆಯ ಭೋರ್ಗರೆತದಲ್ಲಿ ಮುಚ್ಚಿಹೋಗಿತ್ತು. ಬಿಳಿಯ ಮೋಡದೊಳಗಿಂದ ಅವಳು ಹೊರಬಂದಾಗ ಬಲಗೈ ಮುಂದಕ್ಕೆ ಚಾಚಿಕೊಂಡಿತ್ತು. ಮುಖದ ಬಲಭಾಗದಿಂದ ಕತ್ತಿನವರೆಗೆ ಚರ್ಮ ಸುಲಿಯುತ್ತಿತ್ತು. ಲ್ಯಾಬ್ ಅಟೆಂಡರ್ ಓಡಿ ಹೋಗಿ ವಾಲ್ವು ಮುಚ್ಚಿದ. ಯಾರೋ ನೀರು ಸುರಿದರು. ಪಕ್ಕದ ತಂಡದ ಹುಡುಗನೊಬ್ಬ, "ಇದೂ ಸೆಟಪ್ಪಾ ಮಗಾ?" ಎಂದು ಕೇಳಿದ್ದನ್ನು ಹಲವರು ಆಮೇಲೆ ನೆನಪಿಸಿಕೊಂಡರು.

ಆಸ್ಪತ್ರೆಯಲ್ಲಿ ಅವಳನ್ನು ಬಹಳ ದಿನ ಇಟ್ಟುಕೊಂಡರು. ಬಲಗಣ್ಣು ಉಳಿಯಿತು, ರೆಪ್ಪೆ ಸರಿಯಾಗಿ ಮುಚ್ಚುತ್ತಿರಲಿಲ್ಲ. ಬಲಗೈಯ ಮೂರು ಬೆರಳು ಒಂದಕ್ಕೊಂದು ಅಂಟಿಕೊಂಡು ಸೆಟೆದವು. ಸುತ್ತಿದ ಬಟ್ಟೆ ಬದಲಿಸುವ ಹೊತ್ತಿಗೆ ಅವಳ ತಾಯಿ ಅಂಜಿನಮ್ಮ ವಾರ್ಡಿನ ಹೊರಗೆ ಹೋಗಿ, ಕಿವಿ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಕೂರುತ್ತಿದ್ದಳು.

ಸಿದ್ದಾರ್ಥ್ ಹಣ್ಣು ಹಿಡಿದುಕೊಂಡು ಬಂದ. ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು, ಮೆದುವಾಗಿ ಮಾತನಾಡಿಸಿದ. ಅವನ ಕಣ್ಣು ತೇವವಾಗಿತ್ತು. ಸಾರ್ ಕ್ಷಮೆ ಕೇಳಲು ಬಂದಿದ್ದಾರೆಂದು ಬಿಂದುಶ್ರೀಗೆ ಅನ್ನಿಸಿತು. ಕೇಳಿಸಿಕೊಳ್ಳಲು ಅವಳಿಗೇ ಸಂಕೋಚವಾಯಿತು.

"ಬಿಂದು, ಒಂದು ವಿಷ್ಯ ಹೇಳಿ. ಹೋಸ್ ಉಬ್ಬಿದ್ದು ನೀವು ನೋಡಿದ್ರಾ?"

"ನೋಡಿದೆ ಸಾರ್."

"ಒಡೆಯೋಕೆ ಮುಂಚೆನೇ?"

"ಹೂಂ ಸಾರ್."

"ಆದ್ರೂ ಆಫ್ ಮಾಡ್ಲಿಲ್ಲ."

"ಮಾರ್ಕ್ಸ್..." ಎಂದಳು. ತುಟಿ ಎಳೆದಂತಾಗಿ ಮಾತು ಮುಗಿಸಲಾಗಲಿಲ್ಲ.

"ಸರಿ, ಸರಿ. ಆಯಾಸ ಮಾಡ್ಕೋಬೇಡಿ."

ಜೊತೆಗೆ ಬಂದಿದ್ದ ವನಜಾ ಮೇಡಂ ಅದನ್ನು ಬರೆದುಕೊಂಡಿದ್ದರು. ಸೆಟೆಯದ ಎಡಗೈಯಲ್ಲಿ ಅವಳ ಸಹಿ ಹಾಕಿಸಿಕೊಂಡರು. ಅಪಾಯ ಕಣ್ಣಾರೆ ಕಂಡ ಮೇಲೂ ವಿದ್ಯಾರ್ಥಿನಿ ಹಬೆ ನಿಲ್ಲಿಸಲಿಲ್ಲ, ಯಾರಿಗೂ ತಿಳಿಸಲಿಲ್ಲ. ಹಾಗಾಗಿ ಇದು ಅವಳ ಅಜಾಗರೂಕತೆ ಎಂದು ಕಾಲೇಜಿನ ವಿಚಾರಣೆ ತೀರ್ಮಾನಿಸಿತು. ಲೋಕೇಶ್ ಹೇಳಿಕೆ ಕೊಟ್ಟ: "ಆಫ್ ಮಾಡು ಅಂತ ನಾನು ಹೇಳ್ದೆ ಸಾರ್. ಅವ್ಳೇ ಬೇಡ ಅಂದ್ಲು." ಆ ಹೊತ್ತಿಗೆ ಅವನಿಗೆ ಸಿದ್ದಾರ್ಥನ ಶಿಫಾರಸಿನ ಮೇಲೆ ಪೀಣ್ಯದ ಪೇಂಟ್ ಕಂಪನಿಯೊಂದರಲ್ಲಿ ತರಬೇತಿ ಸಿಕ್ಕಿತ್ತು. ಬಿಂದುಶ್ರೀ ಫೋನ್ ಮಾಡಿದರೆ ಅವನು ಎತ್ತುತ್ತಿರಲಿಲ್ಲ.

ಚಿಕ್ಕಬೈರಪ್ಪ ಊರಿನ ನಾಲ್ಕು ಜನರನ್ನು ಕಟ್ಟಿಕೊಂಡು ಕಾಲೇಜಿಗೆ ನುಗ್ಗಿದ. ಗೇಟಿನ ಹತ್ತಿರ ಕೂಗಾಡಿದ್ದೂ ಆಯಿತು. ಕಾಲೇಜು ನಡೆಸುವ ಟ್ರಸ್ಟಿನ ಕಾರ್ಯದರ್ಶಿ ದೇವರಾಜ್ ಅವನ ಜೊತೆ ಒಂದೇ ಶಾಲೆಯಲ್ಲಿ ಓದಿದವನು. ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟ.

"ನೋಡು ಬೈರಪ್ಪ, ಕಂಪ್ಲೇಂಟ್ ಕೊಡೋದು ನಿನ್ನಿಷ್ಟ. ಟಿವಿನೋರು ಬರ್ತಾರೆ. ಹುಡುಗಿ ಮುಖ ದಿನವೆಲ್ಲಾ ತೋರಿಸ್ತಾರೆ. ಆಮೇಲೆ ಅವಳ್ನ ಯಾರು ಮದ್ವೆ ಆಗ್ತಾರೆ ನೀನೇ ಯೋಚ್ನೆ ಮಾಡು. ಆಸ್ಪತ್ರೆದು ನಾವ್ ನೋಡ್ಕೋತೀವಿ. ಡಿಗ್ರಿಗೂ ಏನೂ ತೊಂದ್ರೆ ಆಗಲ್ಲ."

ಚಿಕ್ಕಬೈರಪ್ಪ ಕಾಫಿ ಕುಡಿದು ಬಂದ. ಮಗಳ ಹಾಸಿಗೆಯ ಹತ್ತಿರ ನಿಂತು, ಅವಳ ಮುಖ ನೋಡದೆ ಹೇಳಿದ: "ಆಗಿದ್ದಾಗೋಯ್ತು ಕಣವ್ವ. ತಪ್ಪು ನಿಂದೂ ಐತಂತೆ. ಸಹಿ ಬೇರೆ ಆಕಿದ್ದೀಯ. ಸುಮ್ಕಿದ್ಬಿಡಾನ."

ಕಮಿಟಿ ಬಂತು, ಹೊಸ ಲ್ಯಾಬ್ ನೋಡಿ ಮೆಚ್ಚಿತು. ಅಷ್ಟರಲ್ಲಿ ಹೋಸಿನ ಜಾಗಕ್ಕೆ ಉಕ್ಕಿನ ಪೈಪು ಬಂದಿತ್ತು, ಗೋಡೆಗೆ ಸುರಕ್ಷತೆಯ ಫಲಕ ಬಿದ್ದಿತ್ತು.

ಬಿಂದುಶ್ರೀ ಡಿಗ್ರಿ ಮುಗಿಸಿದಳು. ಪೀಣ್ಯದ ಕಡೆಯ ಕಂಪನಿಗಳಿಗೆ ಅರ್ಜಿ ಹಾಕಿದಳು. ಒಂದು ಕಂಪನಿಯ ಆನ್‌ಲೈನ್ ಇಂಟರ್‌ವ್ಯೂನಲ್ಲಿ ಎದುರಿದ್ದ ಹೆಂಗಸು ಅವಳನ್ನು ನೋಡಿ, "ನಿಮ್ಗೆ ಕಂಫರ್ಟ್ ಇಲ್ದಿದ್ರೆ ವಿಡಿಯೋ ಆಫ್ ಮಾಡ್ಕೊಳ್ಳಿ ಪರ್ವಾಗಿಲ್ಲ" ಎಂದಳು. ಬಿಂದುಶ್ರೀ ಆಫ್ ಮಾಡಲಿಲ್ಲ. ಕೆಲಸವೂ ಸಿಗಲಿಲ್ಲ. ಉಳಿದ ಕಡೆಗಳಿಂದ ಉತ್ತರವೇ ಬರಲಿಲ್ಲ.

ಆಗ ಸಿದ್ದಾರ್ಥ್ ಅವಳ ಮನೆಗೆ ಬಂದ. ಅವನಿಗೆ ಬಡ್ತಿಯಾಗಿತ್ತು. ಪ್ರಬಂಧ ಪ್ರಕಟವಾಗಿ, ಬೇರೆ ಕಾಲೇಜುಗಳು ಅವನ ಪದ್ಧತಿ ಕಲಿಯಲು ಕರೆಯುತ್ತಿದ್ದವು. ಅಂಜಿನಮ್ಮ ಕೊಟ್ಟ ಮಜ್ಜಿಗೆ ಕುಡಿದು ವಿಷಯಕ್ಕೆ ಬಂದ.

"ನಮ್ಮಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಪೋಸ್ಟ್ ಇದೆ. ಬಿಂದುಗೇ ಕೊಡಬೇಕು ಅಂತ ನಾನೇ ಹಟ ಹಿಡಿದಿದ್ದೀನಿ. ಸೇಫ್ಟಿ ಬಗ್ಗೆ ನಾವು ನೂರು ಸಲ ಹೇಳಿದ್ರೂ ಹುಡುಗ್ರು ಕೇಳಲ್ಲ. ಇವರನ್ನ ಒಂದು ಸಲ ನೋಡಿದ್ರೆ ಸಾಕು, ಮರೆಯಲ್ಲ."

ಅವನು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಚಿಕ್ಕಬೈರಪ್ಪ ಕೈ ಮುಗಿದ. "ಮನೆ ತಾವೇ ಕೆಲ್ಸ, ಇನ್ನೇನ್ ಬೇಕವ್ವ?" ಬಿಂದುಶ್ರೀಗೂ ಮನೆಯಲ್ಲಿ ಕೂತು ಸಾಕಾಗಿತ್ತು. ಒಪ್ಪಿಕೊಂಡಳು.

ಹೊಸ ಬ್ಯಾಚಿನ ಮೊದಲ ದಿನ ಸಿದ್ದಾರ್ಥ್ ಅವಳನ್ನು ಲ್ಯಾಬಿನ ನಡುವೆ ನಿಲ್ಲಿಸಿದ. "ದುಪಟ್ಟಾ ಸ್ವಲ್ಪ ಸರಿಸಿ ಬಿಂದು" ಎಂದ. ಅವಳು ಸರಿಸಿದಳು. "ಹಬೆ ಅಂದ್ರೆ ಏನು ಅಂತ ಪುಸ್ತಕದಲ್ಲಿ ಓದಿದ್ದೀರಾ. ಇದನ್ನೂ ನೋಡಿ." ಹುಡುಗಿಯೊಬ್ಬಳು ಕಣ್ಣು ಮುಚ್ಚಿಕೊಂಡಳು. ನಂತರ ಪಾಠ ಶುರುವಾಯಿತು. ಪ್ರತಿ ಬ್ಯಾಚಿನ ಮುಂದೆ ಹೀಗೇ ನಡೆಯಿತು. ಅವಳು ಪ್ರತಿ ಸಲವೂ ದುಪಟ್ಟಾ ಸರಿಸಿದಳು. ಹುಡುಗರು ನಿಜಕ್ಕೂ ಎಚ್ಚರದಿಂದಿದ್ದರು, ಅದು ಅವಳಿಗೂ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಸಿದ್ದಾರ್ಥ್ ಅವಳನ್ನು ಕ್ಯಾಬಿನ್ನಿಗೆ ಕರೆದು ಟ್ಯಾಬ್ ಕೊಟ್ಟ. ಹುಡುಗರ ಚಲನವಲನ ಗುರುತು ಹಾಕುವುದನ್ನು ಅವಳೂ ಕಲಿಯಲಿ ಎಂದು ತನ್ನ ಕುರ್ಚಿಯಲ್ಲೇ ಕೂರಿಸಿದ. ಅವಳು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಗಾಜಿನಾಚೆ ಹೀಟ್ ಎಕ್ಸ್‌ಚೇಂಜರ್ ನೇರ ಎದುರಿಗಿತ್ತು. ಹಬೆಯ ಪೈಪು ಸೇರುವ ಕಡೆಯ ಬೋಲ್ಟುಗಳನ್ನು ಎಣಿಸುವಷ್ಟು ಸ್ಪಷ್ಟವಾಗಿತ್ತು.

ಬಹಳ ಹೊತ್ತು ನೋಡಿ ಕೇಳಿದಳು: "ಸಾರ್, ಅವತ್ತು ಹೋಸ್ ಉಬ್ಬಿದ್ದು ನಿಮ್ಗೂ ಕಾಣ್ತಿತ್ತಾ?"

ಅವನು ಫೋನಿನಿಂದ ತಲೆಯೆತ್ತಿದ. "ಕಾಣ್ತಿತ್ತು."

"ನೀವು ಇಟ್ಟಿದ್ದಾ ಅದು?"

"ಛೆ, ಇಲ್ಲ. ನಾನು ಇಟ್ಟಿದ್ದು ಥರ್ಮಾಮೀಟರ್ ಅದಲು ಬದಲು ಅಷ್ಟೇ. ಹೋಸ್ ತಾನಾಗೇ ಆಗಿದ್ದು. ನಿಜವಾದ ಫಾಲ್ಟ್ ಬಂದಾಗ ಸ್ಟೂಡೆಂಟ್ ಏನ್ ಮಾಡ್ತಾರೆ ಅಂತ ನೋಡೋ ಅವಕಾಶ ಯಾರಿಗೆ ಸಿಗುತ್ತೆ ಹೇಳಿ? ಅಷ್ಟು ಬೇಗ ಒಡೆಯುತ್ತೆ ಅಂತ ನಂಗೆ ಅನ್ನಿಸ್ಲಿಲ್ಲ." ಫೋನ್ ಕೆಳಗಿಟ್ಟು, "ನೀವು ಆಫ್ ಮಾಡ್ತೀರಾ ಅಂತ ನಂಬಿದ್ದೆ ಬಿಂದು" ಎಂದ. ಅವನ ದನಿಯಲ್ಲಿ ಇನ್ನೂ ಸಣ್ಣ ನಿರಾಸೆ ಇತ್ತು.

ಬಿಂದುಶ್ರೀ ಟ್ಯಾಬನ್ನು ಮೇಜಿನ ಮೇಲಿಟ್ಟು ಎದ್ದಳು. ಹೊರಗೆ ಹೋಗಿ ಬಾಯ್ಲರಿನ ಮುಖ್ಯ ವಾಲ್ವು ಮುಚ್ಚಿದಳು. ಪ್ರಯೋಗಗಳೆಲ್ಲ ಒಮ್ಮೆಲೇ ನಿಂತವು. ಹುಡುಗರು "ಮೇಡಂ, ರೀಡಿಂಗ್ ಹೋಯ್ತು!" ಎಂದು ಗದ್ದಲ ಮಾಡಿದರು.

"ಕೇಳ್ರಿ ಇಲ್ಲಿ" ಎಂದಳು. "ನನ್ ಮುಖ ಸುಡೋ ಮುಂಚೆ ಆ ಹೋಸ್ ಸಾರ್ ಕಣ್ಣಿಗೆ ಬಿದ್ದಿತ್ತು. ನೋಡ್ತಾ ಕೂತಿದ್ರು. ಈಗ ಅವ್ರೇ ನನ್ನತ್ರ ಹೇಳಿದ್ರು."

ಕ್ಯಾಬಿನ್ನಿನ ಬಾಗಿಲಿಗೆ ಬಂದು ನಿಂತ ಸಿದ್ದಾರ್ಥನನ್ನೂ ಅವಳನ್ನೂ ಹುಡುಗರು ಬದಲಿಸಿ ಬದಲಿಸಿ ನೋಡಿದರು. ಮುಂದಿದ್ದ ಕನ್ನಡಕದ ಹುಡುಗಿ ಕೈಯೆತ್ತಿ ಕೇಳಿದಳು: "ಸಾರ್, ಇದೂ ಟೆಸ್ಟಾ? ನಾವೇನ್ ಮಾಡ್ಬೇಕು?"

ಸಿದ್ದಾರ್ಥ್ ಒಂದು ಕ್ಷಣ ಯೋಚಿಸಿದ. ಆಮೇಲೆ ನಕ್ಕ. "ವೆರಿ ಗುಡ್ ಕ್ವೆಶ್ಚನ್" ಎಂದ.

ಲ್ಯಾಬಿನ ಬಿಗಿ ಸಡಿಲವಾಯಿತು, ಹುಡುಗರೂ ನಕ್ಕರು. ಬಿಂದುಶ್ರೀ ಬ್ಯಾಗು ತೆಗೆದುಕೊಂಡು ಹೊರಬಂದಳು. ವನಜಾ ಮೇಡಂ ಹತ್ತಿರ ಹೋಗಿ, ಸಾರ್ ಅಂದದ್ದನ್ನೂ ಇನ್ನು ಕೆಲಸಕ್ಕೆ ಬರುವುದಿಲ್ಲವೆಂದೂ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿದರು. "ಅವ್ರು ಹಾಗೆ ಹೇಳಿದ್ದನ್ನ ಬೇರೆ ಯಾರಾದ್ರೂ ಕೇಳಿಸ್ಕೊಂಡಿದ್ದಾರಾ? ಇಲ್ಲ ಅಲ್ವಾ? ಅಷ್ಟೆಲ್ಲ ಮಾಡಿ ಕೆಲಸ ಕೊಡಿಸಿದೋರ ಮೇಲೆ ಹೀಗೆ ಹೇಳ್ಬಾರ್ದಮ್ಮ" ಎಂದರು.

ಮನೆಯಲ್ಲಿ ಚಿಕ್ಕಬೈರಪ್ಪ ಎದ್ದು ನಿಂತು ಬೈದ. ಕೆಲಸ ಬಿಟ್ಟದ್ದಕ್ಕೆ ಬೈದ, ಮತ್ತೆ ಊರಿನ ಬಾಯಿಗೆ ಬೀಳುವುದಕ್ಕೆ ಬೈದ. ಠಾಣೆಗೆ ಹೋಗುತ್ತೇನೆಂದು ಅವಳು ಅಂದಾಗ, "ಓಗು. ತಿರ್ಗಾ ಈ ಒಸ್ಲು ತುಳೀಬ್ಯಾಡ" ಎಂದು ಹಿತ್ತಲಿಗೆ ನಡೆದುಬಿಟ್ಟ.

ಅಂಜಿನಮ್ಮ ಒಲೆ ಆರಿಸಿ, ಸೆರಗು ಸರಿಮಾಡಿಕೊಂಡು, ಚಪ್ಪಲಿ ಮೆಟ್ಟಿದಳು. "ನಡಿ" ಎಂದಳು.

ಠಾಣೆಯ ಸಬ್‌ಇನ್‌ಸ್ಪೆಕ್ಟರ್ ಎಲ್ಲ ಕೇಳಿಸಿಕೊಂಡು, ಕಾಲೇಜಿಗೊಂದು ಫೋನ್ ಮಾಡಿ ಬಂದ. "ನೀನೇ ಸಹಿ ಹಾಕಿ ಒಪ್ಪಿಕೊಂಡಿದ್ದೀಯಂತಲ್ಲಮ್ಮಾ. ಇಷ್ಟು ದಿನ ಆದ್ಮೇಲೆ ಏನಂತ ಬರ್ಕೊಳ್ಳೋದು? ಮನೆಗೆ ಹೋಗಿ."

ಅಂಜಿನಮ್ಮ ಬೆಂಚಿನಿಂದ ಏಳಲಿಲ್ಲ. "ಬರ್ಕೊಳ್ಳಿ ಸಾಮಿ. ಅವ್ಳು ಏಳಿದ್ದು ಏಳ್ದಂಗೆ ಬರ್ಕೊಳ್ಳಿ. ನಾವ್ ಎಲ್ಲಿಗೂ ಓಗಾಕಿಲ್ಲ."

ಅವನು ಹೊರಗೆ ಹೋದ, ಊಟ ಮಾಡಿ ಬಂದ, ಬೇರೆಯವರ ಜಗಳ ಬಗೆಹರಿಸಿದ. ಇವರಿಬ್ಬರೂ ಅಲ್ಲೇ ಇದ್ದರು. ಒಳಗೆ ಬರುವವರು ಹುಡುಗಿಯ ಮುಖ ನೋಡಿ ದೃಷ್ಟಿ ತಿರುಗಿಸುತ್ತಿದ್ದರು. ಕೊನೆಗೆ ಬೇಸತ್ತು ಅವನು ರೈಟರನ್ನು ಕರೆದು, ಅರ್ಜಿ ಅಂತ ತಗೊಳ್ಳಯ್ಯ ಎಂದ. ಬಿಂದುಶ್ರೀ ಹೇಳುತ್ತಾ ಹೋದಳು, ರೈಟರ್ ಬರೆದುಕೊಂಡ.

ಆ ಅರ್ಜಿ ಕೇಸಾಗಲಿಲ್ಲ. ಸಾಕ್ಷಿ ಹೇಳಲು ಲ್ಯಾಬಿನಲ್ಲಿದ್ದ ಒಬ್ಬರೂ ಬರಲಿಲ್ಲ. ಅದೇ ವರ್ಷ ಸಿದ್ದಾರ್ಥನಿಗೆ ಒಳ್ಳೆಯ ಅಧ್ಯಾಪಕನೆಂದು ಸನ್ಮಾನವಾಯಿತು, ಶಾಲು ಹೊದ್ದ ಚಿತ್ರ ಕಾಲೇಜಿನ ಗೇಟಿನ ಮೇಲೆ ಬಹಳ ದಿನ ತೂಗಿತು. ಅರ್ಜಿ ಏನಾಯಿತೆಂದು ವಿಚಾರಿಸಲು ಠಾಣೆಗೆ ಬಂದಾಗಲೆಲ್ಲ ತಾಯಿ ಮಗಳು ಅದರ ಮುಂದೆಯೇ ಹಾದುಹೋಗುತ್ತಿದ್ದರು. ಈಗ ಅವರು ಇರುವುದು ಬೊಮ್ಮನಹಳ್ಳಿಯಲ್ಲಿ, ಅಂಜಿನಮ್ಮನ ತಂಗಿಯ ಮನೆಯ ಮೇಲಿನ ಒಂದು ಕೋಣೆಯಲ್ಲಿ. ಪೊಲೀಸ್ ಕಮಿಷನರ್ ಕಚೇರಿಗೆ ಇನ್ನೊಂದು ಅರ್ಜಿ ಕೊಟ್ಟು ಬಂದಿದ್ದಾರೆ. ಚಿಕ್ಕಬೈರಪ್ಪ ಇಬ್ಬರನ್ನೂ ನೋಡಲು ಇನ್ನೂ ಬಂದಿಲ್ಲ.